ಕೆರೆದಂಡೆಯ ದೇಸಾಯಿ

ಏಪ್ರಿಲ್ 3, ಗುರುವಾರ

ನಾಗವ್ವ ಆಸ್ಪತ್ರೆಯಿಂದ ಮನೆಗೆ ಬಂದು ಎರಡು ದಿನವಾಯಿತು. ಬಲಗಾಲಿಗೆ ಹೊಸ ಮೊಣಕಾಲು ಹಾಕಿದ್ದಾರೆ. ಮಗಳು ಅಂಕಿತಾ ಟೂಟಿಂಗಿನ ತನ್ನ ಮನೆಯಿಂದ ಬಂದು ಇದ್ದವಳು ಇವತ್ತು ಬೆಳಿಗ್ಗೆ ಹೊರಟಳು. ಹೋಗುವಾಗ ಈ ನೋಟ್‌ಬುಕ್ಕನ್ನು ನನ್ನ ಕೈಗಿಟ್ಟು, "ಅಪ್ಪಾ, ಅವ್ವನ ಎಕ್ಸರ್‌ಸೈಜ್ ಎಲ್ಲಾ ಇದರಾಗ ಬರಿ. ಆಂಡ್ ಪ್ಲೀಸ್, ಡೋಂಟ್ ಶೌಟ್ ಅಟ್ ಹರ್" ಎಂದಳು. ನಾನು ಯಾವಾಗ ಕೂಗಾಡಿದ್ದೇನೆ? ಹಾಗೆಂದು ಕೇಳಿಯೂಬಿಟ್ಟೆ, ಸ್ವಲ್ಪ ಜೋರಾಗಿ.

ವ್ಯಾಯಾಮ ಕಲಿಸುವ ಫಿಜಿಯೋ ಹೇಳಿದ್ದು ಇಷ್ಟು. ಮೇ ಹದಿನಾಲ್ಕಕ್ಕೆ ಆಸ್ಪತ್ರೆಯಲ್ಲಿ ತಪಾಸಣೆ. ಅಷ್ಟರೊಳಗೆ ಮೊಣಕಾಲು ತೊಂಬತ್ತು ಡಿಗ್ರಿ ಮಡಚಬೇಕು. ಇಲ್ಲದಿದ್ದರೆ ಮತ್ತೆ ಅರಿವಳಿಕೆ ಕೊಟ್ಟು ಮಲಗಿಸಿ ಡಾಕ್ಟರೇ ಬಲವಂತವಾಗಿ ಮಡಚುತ್ತಾರೆ. ಅರಿವಳಿಕೆ ಎಂದರೆ ಸಾಕು, ನಾಗವ್ವನ ಮುಖ ಬಿಳಿಚಿಕೊಳ್ಳುತ್ತದೆ. ಮೊದಲ ಸಲ ಎಚ್ಚರಾದಾಗ ಎಷ್ಟೋ ಹೊತ್ತು ತನ್ನ ಹೆಸರೇ ಅವಳಿಗೆ ನೆನಪಿರಲಿಲ್ಲವಂತೆ. "ಮತ್ತೊಮ್ಮೆ ಆ ಸೂಜಿ ಚುಚ್ಚಿದ್ರ ನಾ ಏಳಂಗಿಲ್ಲ" ಎನ್ನುತ್ತಾಳೆ.

ಈ ದೇಶಕ್ಕೆ ಬಂದು ಮೂವತ್ತೊಂದು ವರ್ಷ ನೆಲದಡಿಯ ಟ್ಯೂಬ್ ರೈಲು ಓಡಿಸಿದವನು ನಾನು. ಟೈಮ್‌ಟೇಬಲ್ ಎಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ! ಆರು ವಾರ, ತೊಂಬತ್ತು ಡಿಗ್ರಿ. ಗೋಡೆಗೆ ಚಾರ್ಟ್ ಅಂಟಿಸಿ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದೇನೆ.

ಸಂಜೆ ಮಾತ್ರ ಒಂದು ತೊಡಕು ಬಂತು. "ಆಸ್ಪತ್ರ್ಯಾಗೂ ಬ್ರೆಡ್, ಮನ್ಯಾಗೂ ಬ್ರೆಡ್. ಬಾಯಿ ಕೆಟ್ಟು ಹೋಗೇತಿ. ಒಂದ ರೊಟ್ಟಿ ಬಡದು ಕೊಡ್ರಿ" ಎಂದಳು.

"ನಾನಾ?"

"ಮತ್ತ್ಯಾರು, ಪಕ್ಕದ ಮನಿಯವರಾ?"

ಧಾರವಾಡದಲ್ಲಿ ಹುಟ್ಟಿದವನು, ಅರವತ್ತನಾಲ್ಕು ವರ್ಷ ಜೋಳದ ರೊಟ್ಟಿ ತಿಂದಿದ್ದೇನೆ. ಒಂದು ಸಲವೂ ಬಡಿದಿಲ್ಲ. ನಾಳೆ ತೋರಿಸುತ್ತೇನೆ.

ಏಪ್ರಿಲ್ 4, ಶುಕ್ರವಾರ

ಏಳು ರೊಟ್ಟಿ ಬಡಿದೆ! ಏಳಕ್ಕೆ ಏಳೂ ಹಾಳು!

ನಾಗವ್ವ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಕಾಲನ್ನು ಸ್ಟೂಲಿನ ಮೇಲೆ ಚಾಚಿ ಹುಕುಂ ಕೊಡುತ್ತಿದ್ದಳು. "ನೀರು ಕುದ್ದಿಲ್ಲ, ತಡೀರಿ. ಹಾಂ, ಈಗ ಹಾಕ್ರಿ. ಬಿಸಿ ಇದ್ದಾಗ ನಾದಬೇಕ್ರಿ, ಕೈ ಸುಡ್ತೈತಂತ ಬಿಡಬ್ಯಾಡ್ರಿ." ಮೊದಲನೆಯದು ಬಡಿಯುವಾಗಲೇ ನಾಲ್ಕು ಹೋಳಾಯಿತು. ಎರಡನೆಯದು ಹಂಚಿಗೆ ಹಾಕುವಾಗ ಮಡಚಿಕೊಂಡಿತು. ಐದನೆಯದಕ್ಕೆ ಸ್ಮೋಕ್ ಅಲಾರ್ಮ್ ಹೊಡೆದುಕೊಂಡಿತು. ಪಕ್ಕದ ಮನೆಯ ಶ್ರೀರಂಗ ಅವರು ಬೇಲಿಯಾಚೆಯಿಂದ, "ಶಶಿಧರ್ ಅವರೇ, ಎಲ್ಲಾ ಕ್ಷೇಮ ತಾನೇ?" ಎಂದು ಕೂಗಿದರು. ಅವರು ಮೈಸೂರಿನವರು. ಕಂಪ್ಯೂಟರ್ ಕೆಲಸದಿಂದ ನಿವೃತ್ತರಾದ ಮೇಲೆ ಕೊರಳಲ್ಲಿ ಬೈನಾಕ್ಯುಲರ್ ಹಾಕಿಕೊಂಡು ಹಕ್ಕಿ ನೋಡುವುದೇ ಅವರ ಉದ್ಯೋಗ. ಅಡುಗೆ ನಡೆದಿದೆ ಸ್ವಾಮಿ ಎಂದು ನಾನೂ ಕೂಗಿದೆ.

ನಾಗವ್ವ ಒಂದರ ಅಂಚು ಮುರಿದು ಶೇಂಗಾ ಚಟ್ನಿಯಲ್ಲಿ ಅದ್ದಿ ತಿಂದು, "ಛಲೋ ಐತಿ" ಎಂದಳು. ಅಷ್ಟು ಹೊತ್ತು ಅಗಿದರೆ ಗೊತ್ತಾಗುವುದಿಲ್ಲವೇ ನನಗೆ!

ಉಳಿದದ್ದನ್ನು ಕಸದ ಬುಟ್ಟಿಗೆ ಹಾಕುವಂತಿಲ್ಲ. ಅನ್ನ ಚೆಲ್ಲಿದ್ದು ಅವಳ ಕಣ್ಣಿಗೆ ಬಿದ್ದರೆ ವಾರಗಟ್ಟಲೆ ಮಾತಿಲ್ಲ. "ಶ್ರೀರಂಗ ಅವರ ಮನೀಗೆ ಕೊಟ್ಟು ಬರ್ತೀನಿ" ಎಂದು ನೀಲಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿಕೊಂಡು ಹೊರಟೆ. ಇವನ್ನು ಮೈಸೂರಿನವರ ಕೈಗೆ ಕೊಟ್ಟು ಧಾರವಾಡದ ಮಾನ ಕಳೆಯಲೇ? ಸೀದಾ ಪಾರ್ಕಿನ ಕೆರೆಗೆ ನಡೆದೆ.

ಒಂದು ತುಂಡು ನೀರಿಗೆ ಎಸೆದದ್ದೇ ತಡ, ದೊಡ್ಡ ಗಂಡು ಹಂಸವೊಂದು ನೀರು ಸೀಳಿಕೊಂಡು ಬಂತು. ಗುಳುಂ! ಇನ್ನೊಂದು, ಗುಳುಂ! ಹಿಂದೆ ಹತ್ತು ಹನ್ನೆರಡು ಹೆಬ್ಬಾತುಗಳು ಬಂದವು. ಅವನು ಕುತ್ತಿಗೆ ಚಾಚಿ ಒಮ್ಮೆ ಬುಸ್ ಎಂದದ್ದಕ್ಕೆ ಎಲ್ಲವೂ ದಿಕ್ಕಾಪಾಲು. ಎದೆ ಮುಂದೆ ಮಾಡಿ ವಾಡೆಯಲ್ಲಿ ಅಡ್ಡಾಡುವ ದೇಸಾಯಿಯ ಠೀವಿ. ಅದೇ ಹೆಸರಿಟ್ಟೆ. ಅವನ ಹೆಂಡತಿ ದಾರಿಯ ಪಕ್ಕದ ಜೊಂಡಿನಲ್ಲಿ ಗೂಡು ಕಟ್ಟಿ ಕುಳಿತಿದ್ದಾಳೆ. ನನ್ನ ರೊಟ್ಟಿಯನ್ನು ಮನಸಾರೆ ತಿಂದ ಮೊದಲ ಜೀವ ದೇಸಾಯಿ! ಖುಷಿಯಾಯಿತು, ಬಚ್ಚಿಡುವುದೇಕೆ.

ಏಪ್ರಿಲ್ 9, ಬುಧವಾರ

ಎಂಟರಲ್ಲಿ ಎರಡು ತಿನ್ನುವ ಹಾಗಿದ್ದವು. ಆರು ದೇಸಾಯಿಗೆ. ನಾಗವ್ವ ಬೇಲಿಯ ಹತ್ತಿರ ಕುಳಿತಿದ್ದಾಗ ಶ್ರೀರಂಗ ಅವರನ್ನು, "ರೊಟ್ಟಿ ಹೆಂಗಿದ್ವು ರೀ?" ಎಂದು ಕೇಳಿಬಿಟ್ಟಳಂತೆ. ಆ ಪುಣ್ಯಾತ್ಮರು ಏನೂ ಅರ್ಥವಾಗದೆ, "ತುಂಬಾ ಚೆನ್ನಾಗಿತ್ತಮ್ಮ" ಅಂದರಂತೆ. ಬದುಕಿದೆ!

ಮೊಣಕಾಲು: ಐವತ್ತೆಂಟು. ದಿನಕ್ಕೆ ಮೂರು ಸಲ ಹಿಮ್ಮಡಿ ಜಾರಿಸುವ ವ್ಯಾಯಾಮ. ಅವಳು ಎರಡೇ ಮಾಡುತ್ತಾಳೆ. ಹೀಗಾದರೆ ಚಾರ್ಟಿನ ಗತಿಯೇನು?

ಏಪ್ರಿಲ್ 12, ಶನಿವಾರ

ಫಿಜಿಯೋ ಮನೆಗೆ ಬಂದು ಅಳೆದಳು. ಅರವತ್ತೆರಡು. ಎರಡನೇ ವಾರಕ್ಕೆ ಇದು ಕಡಿಮೆಯಂತೆ. ಅವಳು ಹೋದ ಮೇಲೆ ನಾನು ಸ್ವಲ್ಪ ದನಿ ಏರಿಸಿದೆ. "ನೋವು ಅಂತ ಕುಂತ್ರ ಮೊಣಕಾಲು ಕಲ್ಲಾಗ್ತೈತಿ! ನನ್ನ ಜಾಗದಾಗ ಬ್ಯಾರೇ ಯಾರಾದ್ರೂ ಇದ್ದಿದ್ರ!" ನಾಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಕಾಲು ಜಾರಿಸಲು ಶುರುಮಾಡಿದಳು. ಮಾಡಿದಳಲ್ಲ, ಅಂದರೆ ನನ್ನ ಮಾತು ಕೆಲಸ ಮಾಡಿತು.

ಯಾಕೋ ಊಟ ಸೇರಲಿಲ್ಲ.

ಏಪ್ರಿಲ್ 16, ಬುಧವಾರ

ದೇಸಾಯಿ ನನ್ನನ್ನು ಗುರುತಿಸುತ್ತಾನೆ! ಗೇಟಿನಲ್ಲಿ ಕಾಲಿಟ್ಟರೆ ಸಾಕು, ನೀರು ಬಿಟ್ಟು ಮೇಲೆ ಬಂದು ದಾರಿಯಲ್ಲಿ ದಪ್ಪ ಹೆಜ್ಜೆ ಹಾಕುತ್ತಾ ಎದುರಾಗುತ್ತಾನೆ. ಇವತ್ತು ಚೀಲಕ್ಕೇ ಕೊಕ್ಕು ಹಾಕಿ ಎಳೆದ. ಏನು ಶಕ್ತಿ! ನಾನು ಎಳೆದೆ, ಅವನು ಎಳೆದ, ಚೀಲ ಹರಿದು ರೊಟ್ಟಿ ನೆಲಕ್ಕೆ ಬಿತ್ತು. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ಸಂಜೆ ಶ್ರೀರಂಗ ಅವರು ಹೇಳಿದರು: "ಆ ಗಂಡು ಹಂಸ ಯಾಕೋ ರೇಗಿಕೊಂಡಿದೆ ಸಾರ್. ಒಬ್ಬ ಹೆಂಗಸಿನ ಶಾಪಿಂಗ್ ಬ್ಯಾಗ್ ಹಿಡ್ಕೊಂಡು ಬಿಡಲೇ ಇಲ್ಲ. ಗೂಡಿದೆ ಅಂತ ಇರ್ಬೇಕು, ಆದ್ರೂ ಹೋದ ವರ್ಷ ಹೀಗಿರಲಿಲ್ಲ." ಆ ಹೆಂಗಸೇ ಏನಾದರೂ ಕೆಣಕಿರಬೇಕು ಎಂದೆ ನಾನು.

ರೊಟ್ಟಿ: ಏಳರಲ್ಲಿ ನಾಲ್ಕು. ಒಂದು ಹಂಚಿನ ಮೇಲೆ ಉಬ್ಬಿತು ಕೂಡ!

ಏಪ್ರಿಲ್ 19, ಶನಿವಾರ

ಹೊರಗೆ ನಡೆಸಬಹುದು ಎಂದು ಫಿಜಿಯೋ ಒಪ್ಪಿಗೆ ಕೊಟ್ಟಳು. ನಡೆದರೇನೇ ಮೊಣಕಾಲು ಸಡಿಲವಾಗುವುದಂತೆ. ನಮ್ಮ ರಸ್ತೆಯೆಲ್ಲ ಏರು, ಊರುಗೋಲಿಗೆ ಆಗದು. ಸಮತಟ್ಟಾದದ್ದು ಕೆರೆದಂಡೆಯ ದಾರಿ ಒಂದೇ. ಅಲ್ಲಿ ಇಪ್ಪತ್ತು ಹೆಜ್ಜೆಗೊಂದು ಬೆಂಚೂ ಇದೆ. ಯೋಜನೆ ಸಿದ್ಧ: ಮಂಗಳವಾರ ಹನ್ನೊಂದಕ್ಕೆ ಹೊರಡುವುದು, ಹನ್ನೊಂದೂ ಹತ್ತಕ್ಕೆ ಮೊದಲ ಬೆಂಚು. ನಾಗವ್ವ ಮೂರು ದಿನ ಮೊದಲೇ ಸೀರೆ ತೆಗೆದಿಟ್ಟಿದ್ದಾಳೆ. ಹೊರಗೆ ಹೋಗದೆ ಮೂರು ವಾರವಾಯಿತಲ್ಲ, ಮಕ್ಕಳಂತೆ ಆಡುತ್ತಿದ್ದಾಳೆ.

ಏಪ್ರಿಲ್ 22, ಮಂಗಳವಾರ

ಪೆನ್ನು ಒತ್ತಿ ಪುಟವೇ ಹರಿಯಿತು. ಸಿಟ್ಟಿಗೆ! ಅಕ್ಷರ ಸೊಟ್ಟಗಾದರೆ ಆಗಲಿ.

ಎಲ್ಲವೂ ಸರಿಯಾಗಿಯೇ ನಡೆದಿತ್ತು. ನಾಗವ್ವ ಊರುಗೋಲು ಊರಿಕೊಂಡು, ಇನ್ನೊಂದು ಕೈಯಲ್ಲಿ ನನ್ನ ತೋಳು ಹಿಡಿದು, ಮೊದಲ ಬೆಂಚು ದಾಟಿದಳು. ನನ್ನ ಇನ್ನೊಂದು ಕೈಯಲ್ಲಿ ನೀಲಿ ಚೀಲ. ಅದರಲ್ಲಿ ಅವಳ ಸ್ವೆಟರ್, ನೀರಿನ ಬಾಟಲಿ. ರೊಟ್ಟಿ ಇರಲಿಲ್ಲ. ಜೊಂಡಿನ ಹತ್ತಿರ ಬಂದೆವೋ ಇಲ್ಲವೋ, ದೇಸಾಯಿ ರೆಕ್ಕೆ ಎತ್ತಿಕೊಂಡು, ಕುತ್ತಿಗೆ ನೆಲಕ್ಕೆ ಚಾಚಿ ಬುಸುಗುಡುತ್ತಾ ನೀರಿನಿಂದ ಎದ್ದ. ಹಿಂದಿನಿಂದ ಹೆಬ್ಬಾತುಗಳ ಕಿರುಚಾಟ. ಅಬ್ಬಾ, ಆ ರೆಕ್ಕೆಯ ಅಗಲ! ನೀರಲ್ಲಿ ತೇಲುವಾಗ ತಿಳಿಯುವುದಿಲ್ಲ.

ಅವನ ಗಮನವನ್ನು ಬೇರೆ ಕಡೆ ಸೆಳೆಯಬೇಕೆಂದು ನಾನು ಹುಲ್ಲಿನ ಕಡೆಗೆ ಸರಿದೆ. ತಂತ್ರ ಅದು. ಆ ಗಡಿಬಿಡಿಯಲ್ಲಿ ಚೀಲ ಕೈಯಿಂದ ಜಾರಿ ನಾಗವ್ವನ ಕಾಲ ಬಳಿ ಬಿತ್ತು. ಆ ಕೇಡಿ ಹಕ್ಕಿ ನನ್ನನ್ನು ಬಿಟ್ಟು ಅಲ್ಲಿಗೇ ನುಗ್ಗಿತು! ರೆಕ್ಕೆ ಬಡಿದು ಅವಳ ಊರುಗೋಲು ಹಾರಿಹೋಯಿತು. ನಾಗವ್ವ ಹಿಂದಕ್ಕೆ ಹುಲ್ಲಿನ ಮೇಲೆ ಕುಸಿದು ಕುಳಿತಳು. ಅಷ್ಟರಲ್ಲಿ ಶ್ರೀರಂಗ ಅವರು ಎಲ್ಲಿಂದಲೋ ಓಡಿಬಂದು, ಛತ್ರಿ ಬಿಚ್ಚಿ ಅಡ್ಡ ಹಿಡಿದು, ಹೆಜ್ಜೆ ಹೆಜ್ಜೆಯಾಗಿ ಅವನನ್ನು ನೀರಿಗೆ ಅಟ್ಟಿದರು. ಛತ್ರಿ ನನ್ನ ಕೈಯಲ್ಲಿದ್ದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಮೂಳೆಗೆ ಏನೂ ಆಗಿಲ್ಲ, ನಮ್ಮ ಬಡಾವಣೆಯ ಡಾಕ್ಟರು, ಜಿಪಿ, ನೋಡಿದರು. ಆದರೆ ಮನೆಗೆ ಬಂದ ಮೇಲೆ ನಾಗವ್ವ ಹೇಳಿದ್ದು ಒಂದೇ ಮಾತು: "ನಾ ಇನ್ನ ಹೊರಗ ಬರಂಗಿಲ್ಲ."

ಏಪ್ರಿಲ್ 23, ಬುಧವಾರ

ಯುದ್ಧ! ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆಯಿಂದ ಹದಿನಾಲ್ಕು ಮೆಸೇಜ್ ಹಾಕಿದೆ. ಪಾರ್ಕು ನೋಡಿಕೊಳ್ಳುವ ಕೌನ್ಸಿಲಿಗೆ ಎರಡು ಸಲ ಫೋನ್ ಮಾಡಿದೆ. ಗೂಡು ಕಟ್ಟಿರುವ ಹಂಸವನ್ನು ಮುಟ್ಟುವಂತಿಲ್ಲ, ಅದಕ್ಕೆ ಕಾನೂನಿದೆ ಅನ್ನುತ್ತಾರೆ. ಮನುಷ್ಯರಿಗೆ ಕಾನೂನಿಲ್ಲವೇ? ಅರ್ಜಿ ಬರೆದೆ: ಈ ಅಪಾಯಕಾರಿ ಪಕ್ಷಿಯನ್ನು ಕೂಡಲೇ ಬೇರೆಡೆಗೆ ಸಾಗಿಸಬೇಕು. ಸಂಜೆಯೊಳಗೆ ನಲವತ್ತೊಂದು ಸಹಿ! ಮನೆಮನೆಗೂ ಹೋದೆ. ಶ್ರೀರಂಗ ಅವರು ಮಾತ್ರ ಸಹಿ ಹಾಕಲಿಲ್ಲ. "ಪಾಪ, ಅದಕ್ಕೇನು ಗೊತ್ತು ಸಾರ್, ಅದರ ಮನೆ ಅದು ಕಾಯ್ಕೊಳ್ಳುತ್ತೆ" ಎಂದರು. ಕಾದುಕೊಳ್ಳಲಿ, ನನ್ನ ಹೆಂಡತಿಯ ಕಾಲ ಮೇಲೇಕೆ?

ದೇಸಾಯಿಗೆ ಇವತ್ತಿನಿಂದ ರೊಟ್ಟಿ ಬಂದ್. ಉಪ್ಪು ತಿಂದ ಮನೆಗೆ ದ್ರೋಹ ಬಗೆದವನು!

ಏಪ್ರಿಲ್ 28, ಸೋಮವಾರ

ಎಪ್ಪತ್ತು. ಆರು ದಿನದಿಂದ ಎಪ್ಪತ್ತರಲ್ಲೇ ನಿಂತಿದೆ. ಹೀಗೇ ಇದ್ದರೆ ಅರಿವಳಿಕೆ ಕೊಡಬೇಕಾಗುತ್ತದೆ ಎಂದು ಫಿಜಿಯೋ ಇವತ್ತು ನೇರವಾಗಿ ಹೇಳಿದಳು. ನಾಗವ್ವ ಗೋಡೆ ನೋಡುತ್ತಾ ಕುಳಿತಳು. ಕೂಗಬೇಕೆಂದು ಬಾಯಿ ತೆರೆದವನು ಅವಳ ಕಾಲ ಕೆಳಗಿನ ದಿಂಬು ಸರಿಮಾಡಿದೆ.

ಮಧ್ಯಾಹ್ನ ಹಜಾರದಲ್ಲಿ ನಡೆಸಿದೆ. ಬಾಗಿಲಿನಿಂದ ಅಡುಗೆಮನೆಗೆ ಹನ್ನೊಂದು ಹೆಜ್ಜೆ, ತಿರುಗಿ ಹನ್ನೊಂದು. ಗೋಡೆ ಹಿಡಿದು ನಡೆಯುತ್ತಾಳೆ. ನನ್ನ ತೋಳು ಕೊಟ್ಟೆ. "ಗ್ವಾಡಿ ಸಾಕ್ರಿ" ಎಂದಳು.

ಬದನೆಕಾಯಿ ಎಣ್ಣೆಗಾಯಿ ಮಾಡಿದ್ದೆ, ಅಂಕಿತಾ ಫೋನಿನಲ್ಲಿ ಹೇಳಿಕೊಟ್ಟಂತೆ. ರೊಟ್ಟಿ ಆರಕ್ಕೆ ಆರೂ ಚೆನ್ನಾಗಿ ಬಂದವು. ಅವಳು ಒಂದೂವರೆ ತಿಂದಳು. ಅದನ್ನೂ ಚಾರ್ಟಿನಲ್ಲಿ ಬರೆದಿದ್ದೇನೆ.

ಮೇ 1, ಗುರುವಾರ

ಇವತ್ತು ಏನೂ ಬರೆಯುವುದಿಲ್ಲ.

ಮೇ 2, ಶುಕ್ರವಾರ

ಬರೆಯದೆ ಇರಲಾಗುವುದಿಲ್ಲ.

ನಿನ್ನೆ ಕೌನ್ಸಿಲಿನಿಂದ ಪಾರ್ಕಿನ ವಾರ್ಡನ್ ಬಂದಿದ್ದಳು. ನನ್ನ ಅರ್ಜಿಯ ಮೇಲೆಯೇ ಬಂದದ್ದು. ನಾನು, ಶ್ರೀರಂಗ ಇಬ್ಬರೂ ಹೋದೆವು. ನಾನು ಅರ್ಧ ತಾಸು ಭಾಷಣ ಮಾಡಿದೆ. ಅವಳು ಎಲ್ಲ ಕೇಳಿಸಿಕೊಂಡು, ಜೇಬಿನಿಂದ ಒಂದು ಕಪ್ಪು ಚೀಲ ತೆಗೆದು ಕೈಯಲ್ಲಿ ಹಿಡಿದು ದಾರಿಯಲ್ಲಿ ನಡೆದಳು. ದೇಸಾಯಿ ಒಮ್ಮೆ ಬುಸ್ ಎಂದು ಗೂಡಿನ ಬಳಿಯೇ ಉಳಿದ. ಆಮೇಲೆ ನೀಲಿ ಚೀಲ ತೆಗೆದಳು. ತೆಗೆದದ್ದೇ ತಡ, ಅವನು ಬಾಣದಂತೆ ಬಂದ! ಅವಳು ಚೀಲವನ್ನು ಮಡಚಿ ಜೇಬಿಗೆ ತುರುಕಿ, ತಿರುಗಿ ಓಡದೆ, ನಿಧಾನವಾಗಿ ಬದಿಗೆ ಸರಿದಳು.

ಅವಳು ಹೇಳಿದ್ದು ಹೀಗೆ. ಗೂಡು ಕಾಯುವ ಹಂಸ ನೀರಿನಲ್ಲಿ ಸಿಡಿಮಿಡಿಗೊಳ್ಳುವುದು ಸಹಜ. ಆದರೆ ದಾರಿಗೆ ಬಂದು ಜನರ ಮೇಲೆ ಬೀಳುವುದನ್ನು ಯಾರೋ ಕಲಿಸಿದ್ದಾರೆ. ನೀಲಿ ಚೀಲದಲ್ಲಿ ದಿನಾ ತಂದು ತಿನ್ನಿಸಿದ್ದಾರೆ. ಆಮೇಲೆ ಥಟ್ಟನೆ ನಿಲ್ಲಿಸಿದ್ದಾರೆ, ಅದಕ್ಕೇ ವಾರದಿಂದ ರಂಪ ಇನ್ನೂ ಹೆಚ್ಚಾಗಿದೆ. ಹಾಗೆನ್ನುತ್ತಾ ದಂಡೆಯಲ್ಲಿ ಒಣಗಿ ಬಿದ್ದಿದ್ದ ಒಂದು ತುಂಡನ್ನು ಎತ್ತಿ ತೋರಿಸಿ, ಇದು ಯಾವ ತರದ ಬ್ರೆಡ್ ಎಂದು ನಿಮಗೆ ಗೊತ್ತೇ ಎಂದು ಕೇಳಿದಳು.

ಶ್ರೀರಂಗ ಅವರು ಆ ತುಂಡನ್ನು ನೋಡಿದರು. ನನ್ನನ್ನು ನೋಡಿದರು. ಮತ್ತೆ ತುಂಡನ್ನು ನೋಡಿದರು. "ನಮ್ಮ ಕಡೆ ರಾಗಿ ಅಲ್ಲ ಇದು" ಎಂದಷ್ಟೇ ಕನ್ನಡದಲ್ಲಿ ಹೇಳಿದರು.

ನಾನು, ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ಕೆಂಪು ಸಿಗ್ನಲ್ ದಾಟದವನು ಕತ್ತು ಬಗ್ಗಿಸಿ ನಿಂತಿದ್ದೆ. ವಾಪಸು ಬರುವಾಗ ಶ್ರೀರಂಗ ಅವರು, "ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ ಸಾರ್. ಆದ್ರೆ ನಾಗವ್ವನವರಿಗೆ ನೀವು ಹೇಳ್ಬೇಕು, ಅಲ್ವಾ?" ಎಂದರು.

ಹೇಗೆ ಹೇಳಲಿ? ಅವಳನ್ನು ಬೀಳಿಸಿದವನು ನಾನೇ ಎಂದೇ? ಅವಳ ಮೊಣಕಾಲು ಎಪ್ಪತ್ತರಲ್ಲಿ ನಿಂತದ್ದು ನನ್ನಿಂದ ಎಂದೇ? ನಾಚಿಕೆಯಾಗುತ್ತಿದೆ. ಹೆದರಿಕೆಯೂ.

ಮೇ 5, ಸೋಮವಾರ

ಬಾಯಲ್ಲಿ ಹೇಳಲಾಗದಿದ್ದರೆ ಏನಂತೆ, ಕೈಲಾದದ್ದು ಮಾಡೋಣ! ಕಲಿತದ್ದನ್ನು ಹಕ್ಕಿ ಮರೆಯುತ್ತದೆ, ಯಾರೂ ಏನೂ ಕೊಡಬಾರದು, ಖಾಲಿ ಕೈಯಲ್ಲಿ ಶಾಂತವಾಗಿ ನಡೆಯಬೇಕು ಎಂದು ವಾರ್ಡನ್ ಹೇಳಿದ್ದಾಳೆ. ಗೇಟಿಗೆ ಬೋರ್ಡೂ ಹಾಕಿದ್ದಾಳೆ. ಹಾಗಾಗಿ ದಿನಕ್ಕೆ ಮೂರು ಸಲ ಹೋಗುತ್ತಿದ್ದೇನೆ.

ಶನಿವಾರ: ಹತ್ತು ಅಡಿ ಹತ್ತಿರ ಬಂದು ಬುಸುಗುಟ್ಟಿದ. ಭಾನುವಾರ: ಕೋಟಿನ ತುದಿ ಹಿಡಿದು ಜಗ್ಗಿದ. ಗುಂಡಿ ಹೋಯಿತು. ಇವತ್ತು ಬೆಳಿಗ್ಗೆ: ಮೊಣಕೈಗೆ ರೆಕ್ಕೆ ಬಡಿದ. ನೀಲಿಗಟ್ಟಿದೆ. ಹೆಬ್ಬಾತುಗಳಿಗೂ ಧೈರ್ಯ ಬಂದು, ಒಂದು ನನ್ನ ಪ್ಯಾಂಟು ಕಚ್ಚಿತು! ಇವತ್ತು ಮಧ್ಯಾಹ್ನ: ದಾರಿಗೆ ಬಂದ, ನನ್ನ ಎರಡೂ ಕೈ ನೋಡಿದ, ನಿಂತ. ಸಂಜೆ: ನೀರಿನಿಂದಲೇ ನೋಡಿದ. ಭಲೇ!

ಮನೆಯಲ್ಲಿ ನಾಗವ್ವ, "ಎಲ್ಲಿಗೆ ಹೊಂಟೀರಿ ದಿನಕ್ಕ ಮೂರ ಸಲ?" ಎಂದಳು. ವಾಕಿಂಗ್ ಎಂದೆ. ಹರಿದ ಕೋಟು ನೋಡಿದಳು.

ಮೇ 8, ಗುರುವಾರ

ಹೇಳಿಬಿಟ್ಟೆ.

ರೊಟ್ಟಿ ಬಡಿಯುತ್ತಿದ್ದೆ. ಅವಳು ಬಾಗಿಲಲ್ಲಿ ಕುಳಿತಿದ್ದಳು. "ಇನ್ನ ನಾ ಹೇಳೂದು ಏನೂ ಉಳದಿಲ್ಲ ಬಿಡ್ರಿ, ಕೈ ಕೂತೈತಿ" ಎಂದು ನಕ್ಕಳು. ಆ ನಗೆ ಕೇಳಿ ತಡೆಯಲಾಗಲಿಲ್ಲ. ಹಿಟ್ಟಿನ ಕೈಯಲ್ಲೇ ನಿಂತು ಎಲ್ಲ ಹೇಳಿದೆ: ಹಾಳಾದ ರೊಟ್ಟಿ, ನೀಲಿ ಚೀಲ, ದೇಸಾಯಿ, ನಲವತ್ತೊಂದು ಸಹಿ. "ನಿನ್ನ ಬೀಳಿಸಿದ್ದು ಆ ಹಕ್ಕಿ ಅಲ್ಲ ನಾಗವ್ವ, ನಾನು" ಎಂದೆ. ಬೈಯಲಿ ಎಂದು ಕಾದೆ.

ಅವಳು ಊರುಗೋಲನ್ನು ಮಡಿಲ ಮೇಲೆ ಅಡ್ಡ ಇಟ್ಟುಕೊಂಡಳು. ಹಂಚಿನ ಮೇಲಿದ್ದದ್ದು ಸೀದುಹೋಯಿತು. ಆಮೇಲೆ ಹೇಳಿದಳು: "ನಾ ಹಕ್ಕಿಗೆ ಅಂಜಿಲ್ಲರಿ. ಊರಾಗ ಹೋರಿ ಮುಂದ ಹಾದು ನೀರು ತಂದಾಕಿ ನಾ. ಹಕ್ಕಿ ಬಂತು, ನೀವು ನನ್ನ ಕೈ ಬಿಟ್ಟು ಓಡಿದ್ರಿ. ಚೀಲಾನೂ ನನ್ನ ಕಡೆ ಒಗದು ಓಡಿದ್ರಿ. ಅದಕ್ಕ ಹೊರಗ ಬರಂಗಿಲ್ಲ ಅಂದೆ. ಬಿದ್ರ ಗ್ವಾಡಿನರ ಇರ್ತೈತಿ ಮನ್ಯಾಗ."

ಈ ನೋಟ್‌ಬುಕ್ಕಿನ ಏಪ್ರಿಲ್ ಇಪ್ಪತ್ತೆರಡರ ಪುಟ ತೆಗೆದು ಓದಿದೆ. ಹುಲ್ಲಿನ ಕಡೆಗೆ ಸರಿದೆ ಎಂದು ಬರೆದಿದ್ದೇನೆ. ತಂತ್ರ ಎಂದು ಬರೆದಿದ್ದೇನೆ. ಓಡಿದೆ. ಓಡಿದ್ದು ನಿಜ.

ಮೇ 9, ಶುಕ್ರವಾರ

ಅರ್ಜಿ ವಾಪಸು ತೆಗೆದುಕೊಂಡೆ. ವಾಟ್ಸಾಪಿನಲ್ಲಿ ನನ್ನ ಹೆಸರು ಹಾಕಿಯೇ ಬರೆದೆ: ತಿನ್ನಿಸಿ ಕೆಡಿಸಿದವನು ನಾನು, ಕ್ಷಮಿಸಿ, ಇನ್ನು ಮೇಲೆ ಯಾರೂ ಏನೂ ಹಾಕಬೇಡಿ. ಬೀದಿಯವರೆಲ್ಲ ನಗುವ ಮುಖ ಕಳಿಸಿದ್ದೇ ಕಳಿಸಿದ್ದು. ನಗಲಿ. ಶ್ರೀರಂಗ ಅವರ ಮನೆಗೆ ಬಿಸಿ ರೊಟ್ಟಿ, ಝುಣಕ ಕೊಟ್ಟು ಬಂದೆ, ಈ ಸಲ ನಿಜವಾಗಿ. ಎರಡು ತಿಂದು ಮೂರನೆಯದು ಕೇಳಿದರು!

ಹಜಾರದಲ್ಲಿ ನಾಗವ್ವನ ಜೊತೆ ಇಪ್ಪತ್ತು ಸುತ್ತು. ಗೋಡೆ ಹಿಡಿದೇ ನಡೆದಳು. ನಾನು ಪಕ್ಕದಲ್ಲಿ ಸುಮ್ಮನೆ ನಡೆದೆ. ಹೆಜ್ಜೆ ಎಣಿಸುವುದು ಮರೆತುಹೋಯಿತು.

"ನಾಳೆ ಕೆರೀಗೆ ಬರ್ತಿಯೇನು?" ಎಂದೆ.

"ನೋಡೂಣು" ಎಂದಳು.

ಮೇ 11, ಭಾನುವಾರ

ಹೋದೆವು! ನಿನ್ನೆ ಬಾಗಿಲವರೆಗೆ ಬಂದು ವಾಪಸಾಗಿದ್ದಳು. ಇವತ್ತು ತಾನೇ ಚಪ್ಪಲಿ ಹಾಕಿಕೊಂಡು, "ನಡೀರಿ" ಎಂದಳು.

ನನ್ನ ಕೈಯಲ್ಲಿ ಏನೂ ಇರಲಿಲ್ಲ. ಕೆರೆಯ ಬದಿಗೆ ನಾನು, ಒಳಬದಿಗೆ ಅವಳು. ತೋಳು ಹಿಡಿಯಲಿಲ್ಲ, ಊರುಗೋಲಷ್ಟೇ. ಮೊದಲ ಬೆಂಚು ದಾಟಿದೆವು. ಜೊಂಡಿನ ಹತ್ತಿರ ಒಬ್ಬ ಮುದುಕ ಸೂಪರ್‌ಮಾರ್ಕೆಟಿನ ನೀಲಿ ಚೀಲ ಹಿಡಿದು ಎದುರಿನಿಂದ ಬರುತ್ತಿದ್ದ. ಅಯ್ಯೋ ಅಂದುಕೊಳ್ಳುವಷ್ಟರಲ್ಲಿ ದೇಸಾಯಿ ನೀರಿನಿಂದ ಎದ್ದೇ ಬಿಟ್ಟ. ರೆಕ್ಕೆ ಎತ್ತಿ, ಬುಸುಗುಡುತ್ತಾ, ನಮ್ಮಿಬ್ಬರ ಮತ್ತು ಆ ಮುದುಕನ ನಡುವೆ. ಮುದುಕ ಚೀಲ ಎದೆಗವಚಿಕೊಂಡು ಹಿಂದೆ ಸರಿದ. ದೇಸಾಯಿ ನಮ್ಮ ಕಡೆ ತಿರುಗಿದ.

ನನಗೆ ಓಡು, ಓಡು ಎಂದು ಮೈಯೆಲ್ಲ ಹೇಳುತ್ತಿತ್ತು. ನಾಗವ್ವನ ಮುಂದೆ ಹೋಗಿ ನಿಂತು ಕೈ ಹಿಂದೆ ಚಾಚಿದೆ. ಅವಳು ಹಿಡಿದಳು. ಹಿಡಿದ ಬಿಗಿಗೆ ನನ್ನ ಉಂಗುರ ಬೆರಳಿಗೆ ಒತ್ತಿತು. ದೇಸಾಯಿ ಬಂದು ನನ್ನ ಮೊಣಕಾಲಿಗೆ ಒಂದು ಏಟು, ತೊಡೆಗೆ ಒಂದು ಕುಕ್ಕು ಕೊಟ್ಟ. ನೋವಿಗೆ ಕಣ್ಣಲ್ಲಿ ನೀರು ಬಂತು. ಇನ್ನೊಂದು ಕೈಯನ್ನು ಬಿಚ್ಚಿ ತೋರಿಸಿದೆ. "ಏನೂ ಇಲ್ಲೋ ಮಾರಾಯಾ, ನೋಡ" ಎಂದೆ. ಅವನು ನೋಡಿದ, ಕತ್ತು ಕೊಂಕಿಸಿದ, ಗೂಡಿನ ಕಡೆ ಒಮ್ಮೆ ತಿರುಗಿ ನೋಡಿದ. ಆಮೇಲೆ ರೆಕ್ಕೆ ಇಳಿಸಿ ಧಪಧಪನೆ ಹೆಜ್ಜೆ ಹಾಕಿ ನೀರಿಗಿಳಿದ.

"ಅಂಜಿದ್ರೇನು?" ಹಿಂದಿನಿಂದ ನಾಗವ್ವ ಕೇಳಿದಳು.

"ಹೂಂ. ಭಾಳ ಅಂಜಿದೆ."

"ನಾನೂ" ಎಂದಳು. ಕೈ ಬಿಡಲಿಲ್ಲ. ಕೆರೆಯನ್ನು ಪೂರ್ತಿ ಒಂದು ಸುತ್ತು ಬಂದೆವು, ಮೂರು ಬೆಂಚಿನಲ್ಲಿ ಕುಳಿತು. ಎಷ್ಟು ನಿಮಿಷವಾಯಿತೋ ನೋಡಲಿಲ್ಲ. ಮನೆಗೆ ಬಂದು ಇಬ್ಬರೂ ಮೊಣಕಾಲಿಗೆ ಐಸ್ ಇಟ್ಟುಕೊಂಡು ಕುಳಿತೆವು. ಅವಳು ನನ್ನನ್ನು ನೋಡಿ ನಕ್ಕಿದ್ದೇ ನಕ್ಕಿದ್ದು.

ಮೇ 13, ಮಂಗಳವಾರ

ನಿನ್ನೆ ಒಂದು ಸುತ್ತು, ಇವತ್ತು ಎರಡು. ದೇಸಾಯಿ ನೀರಿನಿಂದಲೇ ಬುಸುಗುಟ್ಟಿದ, ಮೇಲೆ ಬರಲಿಲ್ಲ. ನಾಳೆ ತಪಾಸಣೆ. ಆಸ್ಪತ್ರೆಯ ಕಾಗದಗಳನ್ನು ನಾನೇ ಮೂರು ಸಲ ಚೀಲಕ್ಕೆ ಹಾಕಿ, ತೆಗೆದು, ಮತ್ತೆ ಹಾಕಿದೆ.

ಮೇ 14, ಬುಧವಾರ

ಎಂಬತ್ತೇಳು! ತೊಂಬತ್ತಲ್ಲ. ಮೂರು ಡಿಗ್ರಿ ಕಡಿಮೆ. ನಾಗವ್ವ ಕುರ್ಚಿಯ ಹಿಡಿ ಬಿಗಿಯಾಗಿ ಹಿಡಿದಳು. ಡಾಕ್ಟರು ಅವಳನ್ನು ಎಬ್ಬಿಸಿ ಕಾರಿಡಾರಿನ ಆ ತುದಿಗೆ ನಡೆಸಿ, ತಿರುಗಿ ಕರೆಸಿದರು. ದಿನಾ ಎಷ್ಟು ನಡೆಯುತ್ತೀರಿ ಎಂದು ಕೇಳಿದರು. ಕೆರೆಗೆ ಎರಡು ಸುತ್ತು ಎಂದು ನಾನು ಹೇಳಲು ಹೋದೆ, ಅವಳೇ "ಟೂ ರೌಂಡ್" ಎಂದು ಬೆರಳು ತೋರಿಸಿದಳು. ಎರಡು ವಾರದಲ್ಲಿ ಹದಿನೇಳು ಡಿಗ್ರಿ ಮುಂದೆ ಬಂದಿದೆ, ಹೀಗೇ ನಡೆದರೆ ಉಳಿದದ್ದೂ ಬರುತ್ತದೆ, ಅರಿವಳಿಕೆ ಬೇಡ ಎಂದರು ಡಾಕ್ಟರು. ಬೇಡ! ನಾಗವ್ವ ಅಲ್ಲೇ ಅತ್ತಳು. ನಾನು ಡಾಕ್ಟರ ಕೈ ಹಿಡಿದು ಅಲುಗಿಸಿದ್ದೇ ಅಲುಗಿಸಿದ್ದು, ಅವರೇ ಬಿಡಿಸಿಕೊಳ್ಳಬೇಕಾಯಿತು.

ಹೊರಗೆ ಬರುವಾಗ ರಿಸೆಪ್ಷನ್ನಿನ ಹುಡುಗಿ, ವಿವರಗಳೆಲ್ಲ ಸರಿಯಿವೆಯೇ ನೋಡೋಣ ಎಂದು ಕಂಪ್ಯೂಟರಿನಿಂದ ಓದತೊಡಗಿದಳು. ಹೆಸರು, ವಿಳಾಸ, ಜಿಪಿ. ತುರ್ತು ಇದ್ದರೆ ಯಾರಿಗೆ ಫೋನ್ ಮಾಡಬೇಕು: ಅಂಕಿತಾ, ಮಗಳು. ಹನ್ನೊಂದು ವರ್ಷದಿಂದ ಅದೇ ಹೆಸರು ಇದೆಯಂತೆ. ಹನ್ನೊಂದು ವರ್ಷ ನಾನು ಅದೇ ಮನೆಯಲ್ಲಿದ್ದೆ. ನನಗೆ ಗೊತ್ತೇ ಇರಲಿಲ್ಲ.

ನಾಗವ್ವ ಊರುಗೋಲನ್ನು ಕೌಂಟರಿಗೆ ಆನಿಸಿ, ತನ್ನ ಇಂಗ್ಲಿಷಿನಲ್ಲಿ, "ಚೇಂಜ್ ಮಾಡ್ರಿ. ರೈಟ್ ಹಿಸ್ ನೇಮ್" ಎಂದು ನನ್ನ ಕಡೆ ಕೈ ತೋರಿಸಿದಳು. ಇವರು ನಿಮಗೆ ಏನಾಗಬೇಕು ಎಂದು ಹುಡುಗಿ ಕೇಳಿದಳು. "ಹಸ್ಬೆಂಡ್" ಎಂದಳು. ನನ್ನ ಫೋನ್ ನಂಬರನ್ನು ಎಲ್ಲೂ ನೋಡದೆ ಹೇಳಿದಳು.

ಕಾರ್ ಪಾರ್ಕಿಂಗ್ ಟಿಕೆಟಿನ ಹೊತ್ತು ಮುಗಿದಿರಬೇಕು, ನೋಡಿ ಬರುತ್ತೇನೆ ಎಂದು ಹೇಳಿ ನಾನು ಹೊರಗೆ ಬಂದೆ. ನಾವು ಬಂದದ್ದು ಬಸ್ಸಿನಲ್ಲಿ.